ಹಳೇ ಕಾರಿನ ಗೆಳೆಯರಿಗೆ ನಂಟಿನ ಒಗಟು: ಕಟ್ಟುವುದು ಹೇಗೆ, ಕೇಳುವುದು ಹೇಗೆ?

ಶಿವಮೊಗ್ಗದಲ್ಲಿ ಹಳೇ ಕಾರು, ಜೀಪು ಇಟ್ಟುಕೊಂಡವರು ಭಾನುವಾರ ಒಟ್ಟಿಗೆ ಹೊರಟರೆ ಸಾಮಾನ್ಯವಾಗಿ ತೀರ್ಥಹಳ್ಳಿ ರಸ್ತೆ ಹಿಡಿಯುತ್ತಾರೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಪಕ್ಕದಲ್ಲೇ ತುಂಗೆ. ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರೆ ಮಾತು ಶುರು. ಯಾವ ಪಾರ್ಟು ಎಲ್ಲಿ ಸಿಗುತ್ತದೆ, ಯಾರ ಕೈಗುಣ ಚೆನ್ನಾಗಿದೆ, ಹೊಸ ಪೆಟ್ರೋಲಿಗೆ ಹಳೇ ಪೈಪು ತಡೆಯುತ್ತದೋ ಇಲ್ಲವೋ. ಇದೆಲ್ಲ ಬೇಕಾದ ಮಾತೇ. ಆದರೆ ಜೊತೆಯಲ್ಲಿ ಬಂದ ಮಕ್ಕಳು, ಮನೆಯವರು ಅಷ್ಟರಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ.

ಎಲ್ಲರನ್ನೂ ಒಟ್ಟಿಗೆ ಕೂರಿಸುವ ಆಟ ಒಂದಿದೆ. ಸಂಬಂಧವೇ ಇಲ್ಲ ಅನ್ನಿಸುವ ಎರಡು ವಸ್ತು ಹೇಳಿ, ನಡುವೆ ಏನು ನಂಟು ಎಂದು ಕೇಳುವುದು. ಕೇಳಲು ಸುಲಭ, ಕಟ್ಟುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಇಂಥ ಒಗಟನ್ನು ಮೊದಲಿನಿಂದ ಕಟ್ಟುವ ಬಗೆಯನ್ನು ಇಲ್ಲಿ ಹೇಳುತ್ತೇನೆ. ನನ್ನ ಒಂದೇ ಒತ್ತಾಯ ಏನೆಂದರೆ, ಒಗಟಿನ ಒಂದು ತುದಿ ಕೇಳುವವರು ಕೈಯಾರೆ ಮುಟ್ಟಿದ ವಸ್ತುವೇ ಆಗಿರಬೇಕು. ಎಲ್ಲೋ ಇರುವ ಫೆರಾರಿ, ಬುಗಾಟಿ ಸುದ್ದಿ ಕೇಳಿ ತಲೆಯಾಡಿಸಬಹುದು ಅಷ್ಟೆ. ನಮ್ಮ ಮನೆ ಅಂಗಳದ ಜೀಪಿನ ಸುದ್ದಿ ಬಂದರೆ ಕಿವಿ ನೆಟ್ಟಗಾಗುತ್ತದೆ.

ಮೊದಲ ಹೆಜ್ಜೆ: ಬಾನೆಟ್ ಎತ್ತಿ

ಪುಸ್ತಕದಿಂದ ಶುರು ಮಾಡಬೇಡಿ. ಗಾಡಿಯಿಂದ ಶುರು ಮಾಡಿ. ಇಂಜಿನ್ ಮೇಲಿನ ಪ್ಲೇಟು, ಎರಕದಲ್ಲೇ ಮೂಡಿದ ಅಕ್ಷರ, ಗಾಜಿನ ಮೂಲೆಯ ಗುರುತು, ಡೈನಮೋ ಮೇಲಿನ ಹೆಸರು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಣ್ಣೆ, ಧೂಳು ಕೂತಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಅಲ್ಲಿ ಸಿಗುವ ಒಂದೊಂದು ಹೆಸರೂ ಒಂದು ದಾರಿ. ಆ ಕಂಪನಿ ಕಾರಿಗೆ ಮುಂಚೆ ಏನು ಮಾಡುತ್ತಿತ್ತು? ಯಾರು ಶುರು ಮಾಡಿದರು? ಅವರು ಬೇರೆ ಯಾವುದಕ್ಕೆ ಕೈ ಹಾಕಿದರು? ಈ ಮೂರು ಪ್ರಶ್ನೆ ಸಾಕು.

ಮಲೆನಾಡಿನ ಎಸ್ಟೇಟುಗಳಲ್ಲಿ ದುಡಿದ ಮಹೀಂದ್ರಾ ಎಂಎಂ 540 ಜೀಪನ್ನೇ ತಗೊಳ್ಳಿ. ಅದರ 2112 ಸಿಸಿ ಡೀಸೆಲ್ ಇಂಜಿನ್ ಪ್ಯೂಜೋ ಕಂಪನಿಯ ವಿನ್ಯಾಸ. ‘ಪ್ಯೂಜೋ ಇಂಜಿನ್ ಜೀಪು’ ಅಂದರೆ ನಮ್ಮ ಕಡೆ ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಈಗ ಮೊದಲ ಪ್ರಶ್ನೆ ಹಾಕಿ. ಪ್ಯೂಜೋ ಕಾರಿಗೆ ಮುಂಚೆ ಏನು ಮಾಡುತ್ತಿತ್ತು? ಫ್ರಾನ್ಸಿನ ಆ ಮನೆತನ ಉಕ್ಕಿನ ಕೆಲಸದವರು. ಗರಗಸದ ಅಲಗು ಮಾಡುತ್ತಿದ್ದರು. ಇವತ್ತಿಗೂ ಕಾರಿನ ಮೂತಿ ಮೇಲೆ ಇರುವ ಸಿಂಹ ಮೊದಲು ಬಂದದ್ದು ಆ ಗರಗಸಗಳ ಗುರುತಾಗಿ. ಹಲ್ಲು ಸಿಂಹದ ಹಾಗೆ ಗಟ್ಟಿ ಎಂದು ಹೇಳಲು. 1840ರಲ್ಲಿ ಅವರು ಕೈಯಲ್ಲಿ ತಿರುಗಿಸುವ ಕಾಫಿ ಪುಡಿ ಮಾಡುವ ಯಂತ್ರ ತಂದರು. 1874ರಲ್ಲಿ ಕಾಳುಮೆಣಸು ಪುಡಿ ಮಾಡುವ ಯಂತ್ರ.

ನೋಡಿದಿರಾ? ಕಾಫಿ ಮೂಟೆ, ಮೆಣಸಿನ ಮೂಟೆ ಹೊತ್ತು ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆ ಏರು ಹತ್ತಿದ ಜೀಪಿನ ಇಂಜಿನ್ನು, ಕಾಫಿ ಮತ್ತು ಮೆಣಸು ಪುಡಿ ಮಾಡುವ ಯಂತ್ರ ಮಾಡಿದವರ ಮನೆಯದೇ. ಸಾಮಿಲ್ಲಿನ ಗರಗಸವೂ ಅದೇ ಮನೆಯ ಕಸುಬು. ಒಗಟು ತಾನಾಗಿಯೇ ಬಂದುಬಿಟ್ಟಿತು: ‘ಗರಗಸ, ಕಾಫಿ ಪುಡಿ, ಕಾಳುಮೆಣಸು. ಈ ಮೂರನ್ನೂ ನಮ್ಮ ಎಸ್ಟೇಟ್ ಜೀಪಿಗೆ ಕಟ್ಟುವ ಹೆಸರು ಯಾವುದು?’ ನನಗೆ ಅತಿ ಇಷ್ಟದ ಒಗಟು ಇದು. ಮೂರೂ ಮಲೆನಾಡಿನವರ ದಿನಬಳಕೆಯ ವಸ್ತು, ಉತ್ತರ ಕಣ್ಣೆದುರಿನ ಬಾನೆಟ್ ಒಳಗೇ ಇದೆ.

ಎರಡನೇ ಹೆಜ್ಜೆ: ನಂಟು ಒಂದೇ ಇರಲಿ, ಗಟ್ಟಿಯಾಗಿರಲಿ

‘ಅಂಬಾಸಿಡರ್‌ಗೂ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಏನು ನಂಟು?’ ಎಂದು ಕೇಳಿದರೆ ಹತ್ತು ಉತ್ತರ ಬರುತ್ತವೆ. ಎರಡರ ಮೂಲವೂ ಬ್ರಿಟನ್, ಎರಡಕ್ಕೂ ನಾಲ್ಕು ಸಿಲಿಂಡರ್, ಎರಡೂ ಹಿಂದಿನ ಚಕ್ರದಿಂದ ಓಡುತ್ತವೆ. ಎಲ್ಲವೂ ಸರಿ, ಆದರೆ ಒಂದೂ ರುಚಿಯಿಲ್ಲ. ಒಳ್ಳೆಯ ಒಗಟಿನಲ್ಲಿ ಉತ್ತರ ಹೇಳಿದ ಕೂಡಲೇ ಬೇರೆ ಉತ್ತರಕ್ಕೆ ಜಾಗ ಇರಬಾರದು.

ಇದಕ್ಕೆ ಹೋಲಿಸಿ ನೋಡಿ: ‘ಮದುವೆ ದಿಬ್ಬಣಕ್ಕೆ ಹೋಗುತ್ತಿದ್ದ ಹಳೇ ಅಂಬಾಸಿಡರ್‌ಗೂ, ಎರಡೇ ಸೀಟಿನ ಎಂಜಿಎ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿಗೂ ಬಾನೆಟ್ ಒಳಗೆ ಏನು ಸಮ?’ ಉತ್ತರ ಒಂದೇ, 1489 ಸಿಸಿಯ ಬಿ-ಸೀರೀಸ್ ಇಂಜಿನ್. ಬ್ರಿಟನ್ನಿನ ಬಿಎಂಸಿ ಎಂಬ ಕಾರು ಕಂಪನಿ ಅದನ್ನು 1955ರಲ್ಲಿ ಬಂದ ಎಂಜಿಎಗೆ ಎರಡು ಕಾರ್ಬುರೇಟರ್ ಹಾಕಿ ಕೂರಿಸಿತು. ನಮ್ಮ ಅಂಬಾಸಿಡರ್‌ಗೆ ಅದೇ ಕುಟುಂಬದ ಇಂಜಿನ್ ಒಂದೇ ಕಾರ್ಬುರೇಟರ್ ಜೊತೆ ಬಂತು. ‘ಬಾನೆಟ್ ಒಳಗೆ’ ಎಂಬ ಎರಡು ಪದ ಸೇರಿಸಿದ್ದರಿಂದ ಒಗಟು ಬಿಗಿಯಾಯಿತು. ಪ್ರಶ್ನೆಯಲ್ಲಿ ಇಂಥ ಒಂದು ಬೇಲಿ ಯಾವಾಗಲೂ ಇರಲಿ.

ಇನ್ನೊಂದು ಉದಾಹರಣೆ. ‘ಜೀಪಿಗೂ ಪಾಕಿಸ್ತಾನಕ್ಕೂ ಏನು ನಂಟು?’ ತೀರಾ ಸಡಿಲ, ಯುದ್ಧದಿಂದ ಹಿಡಿದು ಏನು ಬೇಕಾದರೂ ಹೇಳಬಹುದು. ಅದನ್ನೇ ಹೀಗೆ ಬಿಗಿಗೊಳಿಸಿ: ‘ಎಂ ಅಂಡ್ ಎಂ ಎಂಬ ಹೆಸರಿನ ಎರಡನೇ ಎಂ ಮೊದಲು ಬೇರೊಬ್ಬರದಾಗಿತ್ತು. ಅವರು ಮುಂದೆ ಒಂದು ದೇಶದ ಗವರ್ನರ್ ಜನರಲ್ ಆದರು. ಯಾರು?’ 1945ರಲ್ಲಿ ಕಂಪನಿ ಶುರುವಾದಾಗ ಅದು ಮಹೀಂದ್ರಾ ಅಂಡ್ ಮೊಹಮ್ಮದ್. ಆ ಮೊಹಮ್ಮದ್ ಅಂದರೆ ಮಲಿಕ್ ಗುಲಾಮ್ ಮುಹಮ್ಮದ್. ದೇಶ ವಿಭಜನೆ ಆದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಆದರು. ಇತ್ತ 1948ರಲ್ಲಿ ಕಂಪನಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಅದೇ ಸಂಗತಿ, ಕೇಳುವ ರೀತಿ ಬೇರೆ.

ಮೂರನೇ ಹೆಜ್ಜೆ: ದಾರಿ ನಮ್ಮೂರಿನ ಮೇಲೆ ಹಾಯಲಿ

ಇದು ಎಲ್ಲರೂ ಬಿಟ್ಟುಬಿಡುವ ಹೆಜ್ಜೆ. ಕಾರಿನ ಚರಿತ್ರೆ ಅಂದರೆ ಡೆಟ್ರಾಯಿಟ್, ಟ್ಯೂರಿನ್, ಸ್ಟುಟ್‌ಗಾರ್ಟ್ ಎಂದುಕೊಳ್ಳುತ್ತೇವೆ. ಭದ್ರಾವತಿ ಯಾಕಾಗಬಾರದು?

ಪ್ರೀಮಿಯರ್ ಪದ್ಮಿನಿಯಿಂದ ಶುರು ಮಾಡೋಣ. ಜನ ಇವತ್ತಿಗೂ ‘ಫಿಯಟ್’ ಅಂತಲೇ ಕರೆಯುವ ಕಾರು. ಸ್ಟೀರಿಂಗ್ ಪಕ್ಕದಲ್ಲೇ ಗೇರು, 1089 ಸಿಸಿ ಇಂಜಿನ್, ಇಟಲಿಯ ಫಿಯಟ್ 1100 ಇದರ ಮೂಲ. ಮುಂಬೈಯ ಕುರ್ಲಾದಲ್ಲಿ ಮಾಡುತ್ತಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ಅವರಿಗೆ ಕಾರಿನ ಕಾರ್ಖಾನೆಯ ಹುಚ್ಚು ಹತ್ತಿದ್ದರ ಹಿಂದೆ ನಮಗೆ ಚೆನ್ನಾಗಿ ಗೊತ್ತಿರುವ ಒಬ್ಬರಿದ್ದಾರೆ, ಸರ್ ಎಂ. ವಿಶ್ವೇಶ್ವರಯ್ಯ. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು, ಅಮೆರಿಕ ಸುತ್ತಿ ಕಾರಿನ ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲೇ ಕಾರು ಮಾಡಬೇಕು ಎಂದು ಯೋಜನೆ ಬರೆದರು. ವಾಲ್‌ಚಂದ್ ಅದನ್ನು ಕೈಗೆತ್ತಿಕೊಂಡರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಅದೇ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬುನಾದಿ ಹಾಕಿದವರು, 1923ರಲ್ಲಿ ಅದು ಕೆಲಸ ಶುರು ಮಾಡಿದಾಗ ಅದನ್ನು ನಿಭಾಯಿಸಿದವರು. ಕಾರ್ಖಾನೆಗೆ ಇವತ್ತು ಅವರದೇ ಹೆಸರು.

ಇಲ್ಲಿ ಇನ್ನೊಂದು ಕವಲು ಒಡೆಯುತ್ತದೆ. 1939ರಲ್ಲಿ ವಾಲ್‌ಚಂದ್ ಕಾರಿನ ಮಾತುಕತೆಗೆಂದೇ ಅಮೆರಿಕಕ್ಕೆ ಹೋಗಿದ್ದರು. ವಾಪಸ್ ಬರುವಾಗ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಿಕ್ಕಿದ. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಕಾರಿಗೆಂದು ಹೋದವರ ತಲೆಯಲ್ಲಿ ವಿಮಾನ ಹೊಕ್ಕಿತು. ಮೈಸೂರು ಸಂಸ್ಥಾನ ಜಾಗ ಮತ್ತು ಬಂಡವಾಳ ಕೊಟ್ಟಿತು. 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಇವತ್ತಿನ ಎಚ್‌ಎಎಲ್ ಅದೇ.

ಹಾಗಾಗಿ ಒಗಟು: ‘ಮುಂಬೈಯ ಹಳೇ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ, ಬೆಂಗಳೂರಿನ ಎಚ್‌ಎಎಲ್, ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಮೂರನ್ನೂ ಇಬ್ಬರೇ ಮನುಷ್ಯರ ಮೂಲಕ ಜೋಡಿಸಿ.’ ಬಿ.ಎಚ್. ರಸ್ತೆಯಲ್ಲಿ ದಿನಾ ಭದ್ರಾವತಿಗೆ ಓಡಾಡುವವರು ಈ ಉತ್ತರ ಕೇಳಿದರೆ ‘ಹೌದೇನ್ರೀ!’ ಅನ್ನದೆ ಇರುವುದಿಲ್ಲ.

ಭದ್ರಾವತಿಯ ಇನ್ನೊಂದು ನಂಟು ಇನ್ನೂ ದೂರದ್ದು. ಆ ಕಾಲಕ್ಕೆ ಹತ್ತಿರದಲ್ಲಿ ಎಲ್ಲೂ ಕಲ್ಲಿದ್ದಲು ಇರಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಕರಗಿಸಲು ಬೆಂಕಿ ಮಲೆನಾಡಿನ ಕಾಡಿನಿಂದ. ಸೌದೆಯನ್ನು ಗಾಳಿಯಾಡದ ಕಬ್ಬಿಣದ ಕೋಣೆಯಲ್ಲಿಟ್ಟು ಕಾಯಿಸುತ್ತಿದ್ದರು. ಗಾಳಿ ಇಲ್ಲದ್ದರಿಂದ ಸೌದೆ ಉರಿಯುವುದಿಲ್ಲ, ಬೆವರುತ್ತದೆ. ಆ ಹಬೆಯನ್ನು ತಣಿಸಿದರೆ ಮರದ ಸ್ಪಿರಿಟ್, ಅಸಿಟಿಕ್ ಆಮ್ಲ, ಟಾರು ಸಿಗುತ್ತವೆ. ಒಳಗೆ ಉಳಿಯುವುದು ಇದ್ದಿಲು. ಆ ಇದ್ದಿಲಿನಿಂದಲೇ ಕಬ್ಬಿಣ ಕರಗುತ್ತಿತ್ತು.

ಹೆಚ್ಚುಕಮ್ಮಿ ಅದೇ ಕಾಲದಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಕಾಡಿನಲ್ಲಿ, ಹೆನ್ರಿ ಫೋರ್ಡ್ ಇದೇ ಕೆಲಸ ಮಾಡಿಸುತ್ತಿದ್ದ. ಮಾಡೆಲ್ ಟಿ ಕಾರಿನ ಬಾಡಿಯಲ್ಲಿ ಮರ ಜಾಸ್ತಿ ಇತ್ತು. ಐರನ್ ಮೌಂಟನ್ ಊರಿನ ಬಳಿ ಅವನ ದೊಡ್ಡ ಸಾಮಿಲ್ಲು. ಉಳಿದ ಚೂರು, ಪುಡಿ ಹಾಳಾಗಬಾರದು ಎಂದು ಅಲ್ಲಿಯೂ ಮರವನ್ನು ಬಟ್ಟಿ ಇಳಿಸುವ ಘಟಕ ಹಾಕಿದ. ಸ್ಪಿರಿಟ್ ತೆಗೆದ ಮೇಲೆ ಉಳಿದ ಇದ್ದಿಲನ್ನು ಪುಡಿ ಮಾಡಿ, ಅಂಟು ಸೇರಿಸಿ, ಉಂಡೆ ಒತ್ತಿ ಫೋರ್ಡ್ ಡೀಲರುಗಳ ಹತ್ತಿರವೇ ಮಾರಿಸಿದ. ಅಮೆರಿಕದವರು ಹಿತ್ತಲಲ್ಲಿ ಮಾಂಸ ಸುಡಲು ಇಂದಿಗೂ ಕೊಳ್ಳುವ ಕಿಂಗ್ಸ್‌ಫರ್ಡ್ ಇದ್ದಿಲು ಅದರಿಂದ ಬಂದದ್ದು.

‘ಭದ್ರಾವತಿಯ ಹಳೇ ಕುಲುಮೆಗೂ ಫೋರ್ಡ್ ಮಾಡೆಲ್ ಟಿಗೂ ಏನು ನಂಟು?’ ಎಂದು ಕೇಳಿದರೆ ಎಲ್ಲರೂ ‘ಕಬ್ಬಿಣ’ ಅನ್ನುತ್ತಾರೆ. ತಪ್ಪು, ಮರ! ಇಂಥ ಕಡೆ ಒಂದು ನಿಮಿಷ ನಿಂತು, ಬಟ್ಟಿ ಇಳಿಸುವುದು ಹೇಗೆ ಎಂದು ವಿವರಿಸಿ. ಹಿರಿಯರಿದ್ದರೆ ಅವರಾಗಿಯೇ ಎರಡನೇ ಮಹಾಯುದ್ಧದ ಕಾಲದ ಇದ್ದಿಲು ಬಸ್ಸಿನ ಮಾತು ತೆಗೆಯುತ್ತಾರೆ. ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲೇ ಇಂಜಿನ್ ಓಡಿಸುತ್ತಿದ್ದ ಕಾಲ. ಮನೆಯಲ್ಲಿ ಕೇಳಿದ ಕಥೆ ಇದ್ದರೆ ಹೇಳಲು ಬಿಡಿ. ಒಗಟಿಗಿಂತ ಅದೇ ಮುಖ್ಯ.

ನಾಲ್ಕನೇ ಹೆಜ್ಜೆ: ತಾಳೆ ನೋಡದೆ ಕೇಳಬೇಡಿ

ಹಳೇ ಕಾರಿನ ಲೋಕದಲ್ಲಿ ಕಟ್ಟುಕಥೆ ಬಹಳ. ಅಲ್ವರ್ ಮಹಾರಾಜರಿಗೆ ಲಂಡನ್ ಶೋರೂಮಿನಲ್ಲಿ ಅವಮಾನ ಆಯಿತಂತೆ, ಕೊಂಡ ರೋಲ್ಸ್ ರಾಯ್ಸ್‌ಗಳನ್ನು ಊರಿನ ಕಸ ಎತ್ತಲು ಬಿಟ್ಟರಂತೆ. ಎಲ್ಲರೂ ಕೇಳಿರುತ್ತೀರಿ. ಇದೇ ಕಥೆಯನ್ನು ಬೇರೆ ಬೇರೆ ಸಂಸ್ಥಾನದ ರಾಜರ ಹೆಸರಿನಲ್ಲೂ ಹೇಳುತ್ತಾರೆ. ಪೊರಕೆ ಕಟ್ಟಿದ ಕಾರು ಎಂದು ತೋರಿಸುವ ಫೋಟೋ ಇದೆ, ಅದು ರೋಲ್ಸ್ ರಾಯ್ಸ್ ಅಲ್ಲವೇ ಅಲ್ಲ. ಒಂದೇ ಕಥೆಗೆ ನಾಲ್ಕು ರಾಜರಿದ್ದರೆ ಆ ಕಥೆಯನ್ನು ಕೈಬಿಡಿ.

ಲ್ಯಾಂಬೋರ್ಗಿನಿ ಟ್ರ್ಯಾಕ್ಟರ್ ಮಾಡುತ್ತಿದ್ದ ಎಂಬುದು ನಿಜ. ಆದರೆ ಫೆರಾರಿ ಜೊತೆ ಕ್ಲಚ್ ವಿಷಯಕ್ಕೆ ಜಗಳ ಆದಾಗ ಯಾರು ಏನು ಅಂದರು ಎಂಬುದಕ್ಕೆ ಹೇಳುವವರಷ್ಟೇ ಪಾಠಗಳಿವೆ. ಟ್ರ್ಯಾಕ್ಟರ್ ಮಾತ್ರ ಇಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ಅದನ್ನೂ ಬಿಡುವುದು ಒಳ್ಳೆಯದು, ಎಲ್ಲರಿಗೂ ಗೊತ್ತಿರುವ ಒಗಟು ಒಗಟಲ್ಲ.

ಇಂಜಿನ್, ಬಿಡಿಭಾಗದ ವಿಷಯವಾದರೆ ವರ್ಕ್‌ಶಾಪ್ ಮ್ಯಾನ್ಯುಯಲ್, ಪಾರ್ಟ್ಸ್ ಪುಸ್ತಕ, ಗಾಡಿ ಮೇಲಿನ ಪ್ಲೇಟು ನೋಡಿ. ಆಟೋ ಕಾಂಪ್ಲೆಕ್ಸಿನ ಹಳೇ ಗ್ಯಾರೇಜುಗಳಲ್ಲಿ ಎಣ್ಣೆ ಮೆತ್ತಿದ ಮ್ಯಾನ್ಯುಯಲ್ ಇನ್ನೂ ಇರುತ್ತವೆ. ವಿಶ್ವಾಸದಿಂದ ಕೇಳಿದರೆ ತೆಗೆದು ತೋರಿಸುತ್ತಾರೆ. ಕಂಪನಿ ಚರಿತ್ರೆಯಾದರೆ ಒಂದನ್ನೊಂದು ನಕಲು ಮಾಡದ ಎರಡು ಕಡೆ ಅದೇ ಸಂಗತಿ ಸಿಗಬೇಕು. ಇಸವಿಯಲ್ಲಿ ತಕರಾರಿದ್ದರೆ ಇಸವಿಯನ್ನು ಒಗಟಿನಿಂದಲೇ ತೆಗೆಯಿರಿ. ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದರೆ ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡಿ ಬನ್ನಿ. ಓದಿದ್ದನ್ನು ಕಣ್ಣಾರೆ ನೋಡಿ ತಾಳೆ ಹಾಕಲು ಒಳ್ಳೇ ಜಾಗ.

ಐದನೇ ಹೆಜ್ಜೆ: ಸುಳಿವು ಮೆಟ್ಟಿಲು ಮೆಟ್ಟಿಲಾಗಿ

ಒಂದೊಂದು ಒಗಟಿಗೂ ಮೂರು ಸುಳಿವು ಬರೆದಿಟ್ಟುಕೊಳ್ಳಿ. ಸುಳಿವಿಲ್ಲದೆ ಹೇಳಿದರೆ ಹತ್ತು ಅಂಕ, ಒಂದೊಂದು ಸುಳಿವಿಗೂ ಮೂರು ಅಂಕ ಕಡಿಮೆ. ಮೊದಲ ಸುಳಿವು ದಾರಿ ತೋರಿಸಬೇಕು, ಕೊನೆಯದು ಬಾಗಿಲವರೆಗೆ ಬಿಡಬೇಕು.

‘ಮೈಸೂರಿನ ಜಾವಾ ಬೈಕಿಗೂ ಆಡಿ ಕಾರಿನ ನಾಲ್ಕು ಬಳೆಗೂ ಏನು ನಂಟು?’ ಎಂಬ ಒಗಟು ತಗೊಳ್ಳಿ. ಮೊದಲ ಸುಳಿವು: ನಾಲ್ಕು ಬಳೆ ಅಂದರೆ 1932ರಲ್ಲಿ ಒಂದಾದ ನಾಲ್ಕು ಜರ್ಮನ್ ಕಂಪನಿಗಳು. ಎರಡನೇ ಸುಳಿವು: ಜಾವಾ ಹೆಸರಿನಲ್ಲಿ ಎರಡು ಹೆಸರಿನ ತುಂಡುಗಳಿವೆ. ಮೂರನೇ ಸುಳಿವು: ‘ಜಾ’ ಅಂದರೆ ಪ್ರಾಗ್ ನಗರದ ಯಾನೆಚೆಕ್, ಹಾಗಾದರೆ ‘ವಾ’? ಉತ್ತರ ವಾಂಡರರ್. 1929ರಲ್ಲಿ ಯಾನೆಚೆಕ್ ಆ ಕಂಪನಿಯ ಬೈಕ್ ವಿಭಾಗ ಕೊಂಡ. ಅದರ ಕಾರು ವಿಭಾಗ ಮೂರು ವರ್ಷದ ಮೇಲೆ ಆಡಿ, ಡಿಕೆಡಬ್ಲ್ಯೂ, ಹಾರ್ಚ್ ಜೊತೆ ಸೇರಿತು.

ತಂಡ ಮಾಡುವಾಗ ಗೆಳೆಯರನ್ನು ಒಟ್ಟಿಗೆ ಕೂರಿಸಬೇಡಿ. ಒಂದು ತಂಡದಲ್ಲಿ ಒಬ್ಬ ಮೆಕ್ಯಾನಿಕ್, ಒಬ್ಬರು ಹಿರಿಯರು, ಒಂದು ಸ್ಕೂಲ್ ಹುಡುಗ ಅಥವಾ ಹುಡುಗಿ. ಇಂಜಿನ್ ಒಬ್ಬರಿಗೆ ಗೊತ್ತು, ಚರಿತ್ರೆ ಇನ್ನೊಬ್ಬರಿಗೆ, ಎಲ್ಲದರ ಬಗ್ಗೆ ಪ್ರಶ್ನೆ ಕೇಳುವ ಧೈರ್ಯ ಮಕ್ಕಳಿಗೆ. ಫೋನು ಎಲ್ಲರದೂ ಒಂದು ಹೆಲ್ಮೆಟ್ಟಿನಲ್ಲಿ ಬೀಳಲಿ. ಒಂದು ಕೂಟಕ್ಕೆ ಆರೇಳು ಒಗಟು ಸಾಕು. ಜಾಸ್ತಿ ಆದರೆ ಪರೀಕ್ಷೆ ಆಗಿಬಿಡುತ್ತದೆ. ಉತ್ತರ ಹೇಳುವಾಗ ಸಾಧ್ಯವಾದಷ್ಟು ವಸ್ತುವನ್ನೇ ತೋರಿಸಿ. ಅಂಬಾಸಿಡರ್ ಕೆಳಗೆ ಬಗ್ಗಿ ಟಾರ್ಷನ್ ಬಾರನ್ನು, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಹಾಗೆ ಕೆಲಸ ಮಾಡುವ ಉಕ್ಕಿನ ಸರಳನ್ನು, ಕೈಯಲ್ಲಿ ಮುಟ್ಟಿದ ಮಗು ಅದನ್ನು ಮರೆಯುವುದಿಲ್ಲ.

ಮುಂದಿನ ಕೂಟಕ್ಕೆ ನಾಲ್ಕು ಒಗಟು

ಇವನ್ನು ಹಾಗೆಯೇ ಬಳಸಿಕೊಳ್ಳಬಹುದು.

1. ಅಂಬಾಸಿಡರ್‌ನ ಮೂಲ ಕಾರು ತಯಾರಾದ ಇಂಗ್ಲೆಂಡಿನ ಕಾರ್ಖಾನೆಗೂ, ಪೋಲಿಯೋ ಬಂದು ಉಸಿರಾಡಲು ಆಗದ ಮಕ್ಕಳಿಗೂ ಏನು ನಂಟು?

2. 1956ರಲ್ಲಿ ಈಜಿಪ್ಟಿನ ಒಂದು ಕಾಲುವೆ ವಿಷಯಕ್ಕೆ ಆದ ಜಗಳದಿಂದ ಒಂದು ಪುಟ್ಟ ಕಾರು ಹುಟ್ಟಿತು. ಅದರ ವಿನ್ಯಾಸಕಾರನ ಕೈಚಳಕ ಅಂಬಾಸಿಡರ್‌ನ ಮುಂದಿನ ಚಕ್ರಗಳ ಬಳಿಯೂ ಇದೆ. ಯಾರು?

3. ಬ್ರಿಟನ್ನಿನಲ್ಲಿ ಬಾಡಿ ಮಾಡುವ ಒಂದು ಕಂಪನಿ ಎದುರಾಳಿಗಳ ಪಾಲಾಯಿತು. ಅದರಿಂದ ಮದ್ರಾಸಿನಲ್ಲಿ ತಯಾರಾದ ಒಂದು ಕಾರಿನ ಬಾಡಿಯನ್ನು ಬೋಲ್ಟು ಬಿಚ್ಚಿ ತುಂಡುತುಂಡಾಗಿ ತೆಗೆಯಬಹುದು. ಯಾವ ಕಾರು?

4. ಮಾರುತಿ 800 ಮತ್ತು ಕ್ವಾಲಿಸ್. ಎರಡರ ಹಿಂದಿನ ಜಪಾನಿ ಮನೆತನಗಳೂ ಮೊದಲು ಒಂದೇ ಬಗೆಯ ಯಂತ್ರ ಮಾಡುತ್ತಿದ್ದವು. ಯಾವುದು?

ಉತ್ತರಗಳು ಇಲ್ಲಿವೆ.

ಮೊದಲನೆಯದು ಆಕ್ಸ್‌ಫರ್ಡ್ ಪಕ್ಕದ ಕೌಲಿ ಕಾರ್ಖಾನೆ, ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕಾರು ತಯಾರಾದ ಜಾಗ. ಮಾರಿಸ್ ಕಂಪನಿಯ ಯಜಮಾನ ವಿಲಿಯಂ ಮಾರಿಸ್, ಅಂದರೆ ಲಾರ್ಡ್ ನಫೀಲ್ಡ್, ಸೈಕಲ್ ರಿಪೇರಿಯಿಂದ ಮೇಲೆ ಬಂದವರು. 1938ರಲ್ಲಿ ಅವರು ಉಸಿರಾಟಕ್ಕೆ ನೆರವಾಗುವ ‘ಕಬ್ಬಿಣದ ಶ್ವಾಸಕೋಶ’ ಯಂತ್ರಗಳನ್ನು ಅದೇ ಕಾರ್ಖಾನೆಯಲ್ಲಿ ಮಾಡಿಸಿ, ಕೇಳಿದ ಆಸ್ಪತ್ರೆಗಳಿಗೆ ಉಚಿತವಾಗಿ ಕೊಡುವುದಾಗಿ ಹೇಳಿದರು. ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಅವು ಹೋದವು. ಈ ಉತ್ತರವನ್ನು ಅವಸರದಲ್ಲಿ ಹೇಳಬೇಡಿ. ಪೋಲಿಯೋ ಅಂದರೆ ಏನು ಎಂದು ಈಗಿನ ಮಕ್ಕಳಿಗೆ ಗೊತ್ತಿರುವುದಿಲ್ಲ.

ಎರಡನೆಯದು ಅಲೆಕ್ ಇಸಿಗೋನಿಸ್. ಸೂಯೆಜ್ ಕಾಲುವೆ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು, ಕಡಿಮೆ ಕುಡಿಯುವ ಕಾರು ಬೇಕಾಯಿತು, 1959ರಲ್ಲಿ ಮಿನಿ ಬಂತು. ಅದಕ್ಕೆ ಮುಂಚೆ ಮಾರಿಸ್ ಮೈನರ್ ಕಾರಿಗೆ ಅವರು ಅಳವಡಿಸಿದ್ದ ಟಾರ್ಷನ್ ಬಾರ್ ಪದ್ಧತಿಯೇ ಮಾರಿಸ್ ಆಕ್ಸ್‌ಫರ್ಡ್ ಮೂಲಕ ಅಂಬಾಸಿಡರ್‌ಗೆ ಇಳಿಯಿತು.

ಮೂರನೆಯದು ಸ್ಟ್ಯಾಂಡರ್ಡ್ ಹೆರಾಲ್ಡ್. ಫಿಷರ್ ಅಂಡ್ ಲಡ್ಲೋ ಕಂಪನಿಯನ್ನು ಬಿಎಂಸಿ ಕೊಂಡುಕೊಂಡಿತು. ಇಡೀ ಬಾಡಿ ಒತ್ತಿಕೊಡುವವರು ಸಿಗದೆ, ಬ್ರಿಟನ್ನಿನಲ್ಲಿ ಹೆರಾಲ್ಡ್ ಮಾಡುತ್ತಿದ್ದ ಟ್ರಯಂಫ್‌ನವರು ಬೇರೆ ಚಾಸಿ ಮಾಡಿ, ಬಾಡಿಯನ್ನು ತುಂಡುಗಳಲ್ಲಿ ಮಾಡಿಸಿ ಬೋಲ್ಟು ಹಾಕಿದರು. ಅದಕ್ಕೇ ಹೆರಾಲ್ಡ್‌ನ ಇಡೀ ಮೂತಿ ಮುಂದಕ್ಕೆ ಮಗುಚುತ್ತದೆ. ಕೂಟದಲ್ಲಿ ಹೆರಾಲ್ಡ್ ಇದ್ದರೆ ಮಗುಚಿ ತೋರಿಸಿ.

ನಾಲ್ಕನೆಯದು ಮಗ್ಗ. ಮಾರುತಿಯ ಹಿಂದಿನ ಸುಜುಕಿಯೂ, ಕ್ವಾಲಿಸ್ ಮಾಡಿದ ಟೊಯೊಟಾ ಕಂಪನಿಯ ಟೊಯೊಡಾ ಮನೆತನವೂ ನೇಯುವ ಯಂತ್ರದಿಂದ ಶುರು ಮಾಡಿದವರು. ಟೊಯೊಡಾದವರು 1929ರಲ್ಲಿ ತಮ್ಮ ಸ್ವಯಂಚಾಲಿತ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್‌ಗೆ ಮಾರಿದರು. ನಿಮ್ಮ ತಂಡದಲ್ಲಿ ನೇಕಾರರ ಮನೆಯವರು ಯಾರಾದರೂ ಇದ್ದರೆ ಈ ಒಗಟನ್ನು ಅವರಿಗೇ ಮೊದಲು ಕೇಳಿ.